ಎಡಗಡೆಯ ಹಿಂದಿನ ಗಾಲಿ

ಅಪ್ಪನ ಕಾರಿನ ಗಾಲಿಯ ನಟ್ಟುಗಳು ಸಡಿಲಾಗುತ್ತಿವೆ ಎಂದು ನನಗೆ ಮೊದಲು ಗೊತ್ತಾದದ್ದು ಭಾಲ್ಕಿ ದಾಟಿದ ಮೇಲೆ. ಅಕ್ಕನನ್ನು ನೋಡಲು ಠಾಣಾ ಕುಶನೂರಿಗೆ ಹೊರಟಿದ್ದೆ. ಹಿಂದಿನಿಂದ ಟಕ್, ಟಕ್ ಎಂಬ ಸದ್ದು, ತುಂಬ ಮ್ಯಾನರ್ಸ್ ಇರುವವರು ಯಾರೋ ಬಾಗಿಲು ತಟ್ಟಿದ ಹಾಗೆ. ನಿಲ್ಲಿಸಿ ಇಳಿದು ನೋಡಿದರೆ ಎಡಗಡೆಯ ಹಿಂದಿನ ಗಾಲಿಯ ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಮೆಲ್ಲಗೆ ಭಾಲ್ಕಿಗೆ ಮರಳಿದೆ. ಅಲ್ಲೊಬ್ಬರು ಬಿಗಿದುಕೊಟ್ಟರು. ಬೀದರಿಗೆ ಬಂದು ಮೈಲೂರಿನ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಲೂಸ್.

ಹೀಗೆ ಮೂರು ಸಲ ಹೊರಟು ಮೂರು ಸಲವೂ ಅರ್ಧ ದಾರಿಯಿಂದ ತಿರುಗಿ ಬಂದೆ. ಮೂರನೆಯ ಸಲ ನನ್ನ ತಮ್ಮನ ಮಗ ಅಂಗಳದಲ್ಲಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ಗಾಲಿಗೆ ಕಾಲಿನಿಂದ ಸಣ್ಣಗೆ ಒದ್ದ.

"ಅತ್ತಿ, ಗುಜರಿಗಿ ಕೊಟ್ಟುಬಿಡ್ರಿ. ವಯಸ್ಸಾಗ್ಯದ."

"ಯಾರಿಗಿ?" ಅಂದೆ.

"ಕಾರಿಗ್ರಿ."

"ಇನ್ನೊಂದು ಸಲ ನೋಡ್ತೇನಿ. ಅಕ್ಕನ ಊರು ಮುಟ್ಟಿ, ಅಕಿನ್ನ ಔರಾದಕ್ಕ ಕರಕೊಂಡು ಹೋಗ್ಲಿಲ್ಲಂದ್ರ ನೀನೇ ಗುಜರಿಯವ್ನ ಕರಿ."

ಮಾತು ಬಾಯಿಂದ ಹೋಗಿಬಿಟ್ಟಿತ್ತು. ಕಾನ್ವೆಂಟಿನಲ್ಲಿ ಕಲಿತವಳು ನಾನು. ಪ್ರಾಮಿಸ್ ಎಂದರೆ ಪ್ರಾಮಿಸ್.

ಅಕ್ಕನ ವಿಷಯ ಹೇಳಬೇಕು. ಈ ಕಾರಿನ ಮುಂದಿನ ಸೀಟು ಚಿಕ್ಕಂದಿನಿಂದ ನನ್ನದು. ಅಪ್ಪ ನನ್ನನ್ನು ಕಾನ್ವೆಂಟಿಗೆ ಬಿಡುವಾಗ ಯೂನಿಫಾರ್ಮಿನ ಪ್ಲೀಟ್ಸ್ ಮುದ್ದೆಯಾಗಬಾರದೆಂದು ಮುಂದೆ ಕೂರಿಸಿಕೊಳ್ಳುತ್ತಿದ್ದರು. ಅಕ್ಕ ಓಣಿಯ ಶಾಲೆಗೆ ನಡೆದುಹೋಗುವವಳು. ಎಲ್ಲರೂ ಸೇರಿ ಊರಿಗೆ ಹೊರಟಾಗಲೂ ಅವಳು ಹಿಂದೆ, ತೊಗರಿ ಚೀಲದ ಪಕ್ಕ ಕಾಲು ಮಡಚಿಕೊಂಡು ಕೂರುತ್ತಿದ್ದಳು. ಮದುವೆಯಾಗಿ ಇದೇ ಕಾರಿನಲ್ಲಿ ಗಂಡನ ಮನೆಗೆ ಹೊರಟ ದಿನವೂ ಮುಂದೆ ಕೂತವರು ಅವಳ ಮಾವ. ನನಗೆ ಇದೆಲ್ಲ ಹೊಳೆದಿರಲೇ ಇಲ್ಲ. ಹೋದ ವರ್ಷ ಫೋನಿನಲ್ಲಿ ಬೇರೇನೋ ಮಾತಾಡುತ್ತ ಅವಳು, "ಒಮ್ಮಿ ಮುಂದ ಕೂಡಬೇಕು ನೋಡವಾ. ಔರಾದ ತನಕ ಸಾಕು," ಎಂದಳು. ಆಮೇಲೆ ಸೋಯಾಬೀನ್ ಹೇಗೆ ಬಂದಿದೆ ಎಂಬ ಮಾತಿಗೆ ಹೋದಳು.

ಬೀದರಿನ ಪಕ್ಕದ ಕೊಳಾರದ ಕಾರ್ಖಾನೆ ಶೆಡ್ಡುಗಳ ನಡುವೆ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಅವರು ಉಸ್ತಾದ್, ನನಗೂ. ಗಾಲಿ ಬಿಚ್ಚಿ ಗೋಡೆಗೆ ಒರಗಿಸಿ ತೋರಿಸಿದರು. ನಟ್ಟು ಬಿಗಿಯುವ ಸ್ಟಡ್ಡುಗಳು ತೂರುವ ತೂತುಗಳು ದುಂಡಗಿರಬೇಕು. ಇವು ಮೊಟ್ಟೆಯಾಕಾರಕ್ಕೆ ಬಂದಿದ್ದವು. ನಟ್ಟಿನ ಮೂತಿ ಇಳಿಜಾರಾಗಿ ತೂತಿನೊಳಗೆ ಹೋಗಿ ಕೂರಬೇಕು. ಆ ಇಳಿಜಾರಿನಲ್ಲಿ ಬಹಳ ವರ್ಷ ಉಂಗುರ ತೊಟ್ಟ ಬೆರಳಿನ ಹಾಗೆ ಒಂದು ತಗ್ಗು.

"ನಟ್ ಸವದಾವ, ತೂತ ಅಗಲ ಆಗ್ಯಾವ. ಖರೆ ಯಾಕ ಅಂಬೋದು ತಿಳೀವಲ್ದು ಮೇಡಂ. ಬಿಗಿಯೋರೆಲ್ಲ ಬಿಗದಾರ," ಎಂದರು.

ಹೊಸ ನಟ್ಟು ಹಾಕಿ ತಾವೇ ಒಂದು ಸುತ್ತು ಓಡಿಸಿ ಬಂದರು. ಇಳಿದು ನಟ್ಟು ಮುಟ್ಟಿ ನೋಡಿದರು. ಮತ್ತೆ ಸಡಿಲು.

ಅವರು ಚಹಾ ತರಿಸಿದರು. ನಾನು ಸ್ಟೂಲು ಎಳೆದುಕೊಂಡು, ಓದುವ ಕನ್ನಡಕ ಹಾಕಿಕೊಂಡು ಗಾಲಿಯ ಮುಂದೆ ಕೂತೆ. ಕಾನ್ವೆಂಟಿನಲ್ಲಿ ಹೊಲಿಗೆ ಕ್ಲಾಸಿನ ಸಿಸ್ಟರ್ ಕಸೂತಿ ಎಷ್ಟೇ ಚೆಂದ ಇದ್ದರೂ ಮೊದಲು ಬಟ್ಟೆ ತಿರುವಿ ಅದರ ಹಿಂಬದಿ ನೋಡುತ್ತಿದ್ದರು. ತುರುಬಿನಿಂದ ಒಂದು ಪಿನ್ನು ತೆಗೆದು ತೂತಿನ ಅಂಚು ಕೆದಕಿದೆ. ಒಂದು ಚೂರು ಕಳಚಿ ಅಂಗೈಗೆ ಬಿತ್ತು. ಅಡ್ಡ ಹಿಡಿದು ನೋಡಿದರೆ ಪದರ ಪದರ: ಬೆಳ್ಳಿ, ಬೆಳ್ಳಿ, ಬೆಳ್ಳಿ, ನಡುವೆ ಹಸಿರಿನ ಒಂದು ಗೆರೆ, ಮತ್ತೆ ಬೆಳ್ಳಿ.

ಆ ಹಸಿರು ನನಗೆ ಗೊತ್ತಿತ್ತು.

ಪ್ರತಿ ದಸರೆಗೆ ಖಂಡೆ ಪೂಜೆಯ ದಿನ ಕಾರು ತೊಳೆದು, ಗಾಲಿಗಳಿಗೆ ಬೆಳ್ಳಿ ಬಣ್ಣ ಬಳಿಯುವುದು, ನನ್ನ ಮದುವೆಯಲ್ಲಿ ಅಪ್ಪ ಕಾರು ನಮಗೆ ಕೊಟ್ಟಾಗಿನಿಂದ, ನನ್ನ ಕೆಲಸ. ಒಂದೂ ಮೂಲೆ ಬಿಡಬಾರದೆಂದು ನಮ್ಮವರಿಂದ ನಟ್ಟು ಬಿಚ್ಚಿಸಿ ತೂತಿನೊಳಗೂ ಕುಂಚ ತಿರುಗಿಸುತ್ತಿದ್ದೆ. ನೀಟ್‌ನೆಸ್ ನನ್ನ ಹಳೆಯ ರೋಗ. ಹಳೆಯ ಬಣ್ಣವನ್ನು ಮಾತ್ರ ಕೆರೆಯುತ್ತಿರಲಿಲ್ಲ. ಪೂಜೆ ಮಾಡಿಸಿಕೊಂಡದ್ದನ್ನು ಕೆರೆಯುವುದು ನಮ್ಮ ಮನೆಯಲ್ಲಿ ಇಲ್ಲ. ಒಂದು ವರ್ಷ ಬೆಳ್ಳಿ ಬಣ್ಣ ಮುಗಿದು, ಕಿಟಕಿಗೆ ತಂದ ಹಸಿರನ್ನೇ ಎಡಗಡೆಯ ಹಿಂದಿನ ಗಾಲಿಗೆ ಬಳಿದಿದ್ದೆ. ನಮ್ಮವರು ಇದ್ದ ಕಾಲ ಅದು. "ಗಾಲಿನೂ ಕಿಡಕಿನೂ ಅಕ್ಕತಂಗೇರು ಆದ್ವಲ್ಲ," ಎಂದು ಮೂರು ದಿನ ಕಾಡಿಸಿದ್ದರು.

"ಉಸ್ತಾದ್, ಕಳ್ಳಿ ಸಿಕ್ಕಳು," ಅಂದೆ.

"ಯಾರ್ರೀ?"

"ನಾನೇ."

ಎಲ್ಲ ಹೇಳಿದೆ. ಅವರು ಚೂರನ್ನು ಬೆರಳುಗಳ ನಡುವೆ ತಿಕ್ಕಿದರು. ಪುಡಿಯಾಯಿತು.

"ಹಾಂ. ನಟ್ ಕಬ್ಬಿಣದ ಮ್ಯಾಲ ಕೂತೇ ಇಲ್ಲ, ನಿಮ್ಮ ಬಣ್ಣದ ಮ್ಯಾಲ ಕೂತದ. ಬಣ್ಣ ಪುಡಿ ಆಗ್ತದ, ನಟ್ ಸಡ್ಲ ಆಗ್ತದ, ಗಾಲಿ ಕುಣದು ಕುಣದು ತೂತ ತಿಂತದ." ಚಹಾ ಒಂದು ಗುಟುಕು ಕುಡಿದು, "ಇಷ್ಟು ಭಕ್ತಿ ಅದಕ್ಕ ತಡಕೊಳ್ಳಾಕ ಆಗ್ಲಿಲ್ಲ ಮೇಡಂ," ಎಂದರು.

ಕಾರಣ ಸಿಕ್ಕಿತು, ಗಾಲಿ ಸಿಗಬೇಕಲ್ಲ. ತೂತಿಗೆ ಬೆಸುಗೆ ಹಾಕಬಹುದೇ ಎಂದು ಕೇಳಿದೆ. "ಹಾಕಬಹುದು. ಹಾಕಿದ ಮ್ಯಾಲ ಅದರ ಮ್ಯಾಲ ನಿಮ್ಮನ್ನ ಕಳಸಂಗಿಲ್ಲ," ಎಂದರು. ಇಷ್ಟು ಹಳೆಯ ಕಾರಿನ ಗಾಲಿ ಎಲ್ಲಿಂದ ತರುವುದು? ಆಗ ನೆನಪಾಯಿತು. ಡಿಕ್ಕಿಯಲ್ಲಿ, ಗೋಣಿಚೀಲದ ಕೆಳಗೆ ಸ್ಟೆಪ್ನಿ ಇತ್ತು. ಅದು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ನಾನು ಒಂದು ವರ್ಷವೂ ಅದಕ್ಕೆ ಬಣ್ಣ ಹಚ್ಚಿದವಳಲ್ಲ. ಪೂಜೆಯ ದಿನ ಒಂದು ಹೂವೂ ಇಟ್ಟವಳಲ್ಲ. ಉಸ್ತಾದ್ ಅದನ್ನು ಹೊರಗೆ ತೆಗೆದು ಒರೆಸಿದರು. ಮೇಲೆ ಸ್ವಲ್ಪ ತುಕ್ಕು ಹಿಡಿದಿತ್ತು. ತೂತುಗಳು ಮಾತ್ರ ಪರ್ಫೆಕ್ಟ್, ದುಂಡಗೆ.

ಸ್ಟಡ್ಡುಗಳನ್ನೂ ಹೊಸದಾಗಿ ಹಾಕಿ ಸ್ಟೆಪ್ನಿಯನ್ನೇ ಕೂರಿಸಿ, ಉಳಿದ ಮೂರು ಗಾಲಿಗಳ ಬಣ್ಣ ಕೆರೆದು ನೋಡಿದರು. ಕಿಟಕಿಯ ದಪ್ಪ ಬಣ್ಣ ಬೀಳದ ಅವುಗಳ ತೂತು ಇನ್ನೂ ಕೆಟ್ಟಿರಲಿಲ್ಲ.

"ಈಗ ಸ್ಟೆಪ್ನಿನೂ ಇಲ್ಲಲ್ರಿ ಅತ್ತಿ," ಎಂದ ತಮ್ಮನ ಮಗ, ಹೊರಡುವ ಬೆಳಿಗ್ಗೆ. ಆದರೂ ಬಂದು ಮುಂದೆ ಕೂತ. ದಾರಿಯುದ್ದಕ್ಕೂ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದ. ಉಸ್ತಾದ್ ಹೇಳಿದ್ದಂತೆ ಭಾಲ್ಕಿಯಲ್ಲಿ ನಿಲ್ಲಿಸಿ ನಾನೇ ಪಾನಾ ಹಾಕಿ ನೋಡಿದೆ. ನಟ್ಟು ಜಗ್ಗಲಿಲ್ಲ. ನಾನು ಹಿಂದೆ ತಿರುಗುತ್ತಿದ್ದ ಜಾಗ ದಾಟಿದಾಗ ಒಮ್ಮೆ ಹಾರ್ನು ಹೊಡೆದೆ.

ಠಾಣಾ ಕುಶನೂರಿನಲ್ಲಿ ಅಕ್ಕ ರಸ್ತೆಗೇ ಬಂದು ನಿಂತಿದ್ದಳು. ನೇರವಾಗಿ ಮುಂದಿನ ಬಾಗಿಲಿಗೆ ಬಂದಳು.

"ಇಳಿಯೋ."

"ಎಲ್ಲಿ ಕೂಡ್ಲಿ ದೊಡ್ಡತ್ತಿ?"

"ಹಿಂದ. ನನಗೇನೂ ಆಗಿಲ್ಲ ನೋಡು, ಅಷ್ಟು ವರ್ಷ ಕೂತೀನಿ."

ಹಿಂದಿನ ಸೀಟಿಗೆ ಆಗಲೇ ಅವಳ ಮನೆಯ ತೊಗರಿ ಚೀಲ ಬಂದಿತ್ತು. ಅವನು ಅದರ ಪಕ್ಕ ಕಾಲು ಮಡಚಿಕೊಂಡು ಕೂತ.

ಅಕ್ಕ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈ ಇಟ್ಟು ಕೂತಳು. ಎರಡೂ ಬದಿ ಸೋಯಾಬೀನ್ ಹೊಲ, ನಡುವೆ ನೇರ ರಸ್ತೆ ಗಾಜಿನ ಕೆಳಗೆ ಬಂದು ಸೇರುತ್ತಿತ್ತು.

"ಇಲ್ಲಿಂದ ರಸ್ತಾ ಹಿಂಗ ಕಾಣ್ತದೇನು?" ಎಂದಳು. ನಾನು ಗೇರು ಬದಲಿಸಿದೆ.

ಔರಾದ ಮುಟ್ಟಿ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದೆ. ಯಾರೂ ಹೇಳದೆ ತಮ್ಮನ ಮಗ ಪಾನಾ ಹಿಡಿದು ಇಳಿದ. ಮೈಯ ಭಾರವನ್ನೆಲ್ಲ ಹಾಕಿ ಒಂದೊಂದೇ ನಟ್ಟು ನೋಡಿದ. ಎದ್ದು ನಿಂತಾಗ ಮುಖ ಕೆಂಪಾಗಿತ್ತು.

"ಅಲ್ಲಾಡವಲ್ವರಿ ಅತ್ತಿ."

"ಗುಜರಿಯವ್ನಿಗಿ ಏನ್ ಹೇಳ್ತಿ?"

ಅವನು ಪಾನಾ ಒರೆಸಿ ಡಿಕ್ಕಿಯಲ್ಲಿಟ್ಟು, ಹೋಗಿ ಚೀಲದ ಪಕ್ಕ ಕೂತು ಬಾಗಿಲು ಹಾಕಿಕೊಂಡ.

ಅಕ್ಕನನ್ನು ಊರಿಗೆ ಬಿಡಲು ನಾನು ಕಾರು ತಿರುಗಿಸಲು ಹೊರಟೆ. ಅವಳು ನನ್ನ ಕೈ ಮೇಲೆ ಕೈ ಇಟ್ಟಳು.

"ಹಿಂದಕ್ಯಾಕ ತಿರಗಸ್ತಿ? ಹಿಂಗೇ ಮುಂದಿನ ರಸ್ತಾ ಹಿಡದು ಬೀದರಕ್ಕ ನಡಿ."