ಅತ್ತೆಯ ಮೊದಲ ಕೂಸು

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನವನ್ನೂ ಅತ್ತೆಯೇ ಮಾಡಿದರು. ಮಗಳು ಹುಟ್ಟಿದ ಎರಡನೆಯ ವಾರ ಹಾಲು ಕುಡಿಯುವುದನ್ನು ಬಿಟ್ಟಳು, ಮೈ ಸುಡುತ್ತಿತ್ತು. ತಿಪಟೂರಿನ ಡಾಕ್ಟರು ನೋಡಿದವರೇ ತುಮಕೂರಿಗೆ ಕಳಿಸಿದರು. ಅಲ್ಲಿ, ರಕ್ತಕ್ಕೆ ನಂಜೇರಿದೆ ಎಂದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮಗು ಉಳಿಯಿತು.

ನನ್ನ ಗಂಡನ ಕಾರ್ಖಾನೆಯವರು ಮಾಡಿಸಿದ್ದ ಆರೋಗ್ಯ ವಿಮೆಯಿತ್ತು. ಆಸ್ಪತ್ರೆಯ ಬಿಲ್ಲುಗಳನ್ನು ಕಳಿಸಿ ಕಾದೆವು. ಹಣದ ಬದಲು ವಿಚಾರಣೆಗೆಂದು ವಿಮೆ ಕಂಪನಿಯಿಂದ ಒಬ್ಬರು ಬಂದರು. ದಂಡಿನಶಿವರದಲ್ಲಿ ಬಸ್ಸಿಳಿದು ತೋಟಗಳ ನಡುವೆ ನಡೆದು ಬಂದು ಬೆವೆತಿದ್ದರು. ಗಂಡ ಕೆಲಸಕ್ಕೆ ಹೋಗಿದ್ದರು. ಅತ್ತೆ ಅವರನ್ನು ಜಗಲಿಯ ಮೇಲೆ ಕೂರಿಸಿ ಎಳನೀರು ಕೆತ್ತಿಕೊಟ್ಟರು. ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದ ನನಗೆ ಮಾತೆಲ್ಲ ಕೇಳಿಸುತ್ತಿತ್ತು.

"ನಿಮ್ಮ ಮನೇಲಿ ಮುಂಚೆ ಯಾವ್ದಾದ್ರೂ ಮಗೂಗೆ ಹಿಂಗಾಗಿತ್ತಾ ಅಜ್ಜಿ?"

ಅತ್ತೆ ಮಚ್ಚು ಕೆಳಗಿಟ್ಟ ಸದ್ದಾಯಿತು. "ನನ್ ಮೊದಲ್ನೇ ಕೂಸಿಗೆ ಹಿಂಗೇ ಆಯ್ತು ಕಣಪ್ಪ. ಮೈಯೆಲ್ಲಾ ಸುಡ್ತಿತ್ತು, ಹಾಲು ಕುಡೀನಿಲ್ಲ. ಮಡ್ಲಲ್ಲೇ ಹೋಯ್ತು."

ಅಂಥ ಕೂಸೊಂದಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಗಂಡನಿಗೂ ತಿಳಿದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆದರೆ ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಒಂದೇ: ಅಯ್ಯೋ, ಇದನ್ನು ಬರೆದುಕೊಳ್ಳುತ್ತಾರಲ್ಲ!

ಬರೆದುಕೊಂಡೇ ಹೋಗಿದ್ದರು. ಇದು ವಂಶದಲ್ಲೇ ಇರುವ, ಹುಟ್ಟಿನಿಂದ ಬಂದ ಕಾಯಿಲೆ, ವಿಮೆಗೆ ಬರುವುದಿಲ್ಲ ಎಂದು ಕಂಪನಿಯವರು ತಿಳಿಸಿದರು.

"ಯಾಕತ್ತೆ ಅದ್ನೆಲ್ಲ ಹೇಳೋಕೋದ್ರಿ?" ಎಂದು ರೇಗಿದೆ.

"ಆವಪ್ಪ ಕೇಳುದ್ನಲ್ಲ ಕಣವ್ವ. ಇಷ್ಟು ವರ್ಸದಲ್ಲಿ ಯಾರೂ ಕೇಳಿರ್ನಿಲ್ಲ."

ಆ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ನಾನು ಅವರೊಡನೆ ಮಾತು ಬಿಟ್ಟೆ. ಅವರು ಮಾತ್ರ ಎಂದಿನಂತೆ ನನಗೆ ನೀರೆರೆದು, ಮೆಣಸಿನ ಸಾರು ಮಾಡಿ ಬಡಿಸುತ್ತಿದ್ದರು.

ನಾವು ತುಮಕೂರಿನ ವಿಮೆ ಆಫೀಸಿಗೆ ಹೊರಟಾಗ "ನಾನೂ ಬತ್ತೀನಿ" ಎಂದರು. ಅಲ್ಲಿ ಸಾಹೇಬರ ಮೇಜಿನ ಮುಂದೆ ಕೈಮುಗಿದು ನಿಂತರು. "ಅವತ್ತು ನಾನು ಸುಳ್ ಹೇಳ್ದೆ ಕಣಪ್ಪ. ವಯಸ್ಸಾಯ್ತು, ಬಾಯಿಗ್ ಬಂದಂಗೆ ಅಂದ್ಬುಟ್ಟೆ. ನಂಗೆ ಅಂಥ ಕೂಸೇ ಹುಟ್ಟಿರ್ನಿಲ್ಲ. ಅದನ್ನ ಹೊಡೆದಾಕ್ಬುಡಪ್ಪ."

ಗಂಡ ನೆಲ ನೋಡುತ್ತಿದ್ದರು. ನಾನು ಮಗುವಿನ ಕುಲಾವಿ ಸರಿಮಾಡುತ್ತ ನಿಂತೆ. "ಬ್ಯಾಡ ಬುಡಿ ಅತ್ತೆ" ಎಂದು ಅವರ ಕೈ ಹಿಡಿದು ಹೊರಗೆ ಕರೆತರಬಹುದಿತ್ತು. ಹಾಗೆ ಮಾಡಲಿಲ್ಲ. ಅವರ ಮಾತಿನಿಂದ ಕೆಲಸವಾಗಲಿ ಎಂದೇ ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ.

"ಅದ್ರಿಂದ ಏನೂ ಆಗಲ್ಲ ಅಜ್ಜಿ," ಎಂದರು ಸಾಹೇಬರು. "ಈ ನಂಜು ಹುಟ್ಟಿದ ಮೇಲೆ ತಗಲಿದ್ದು ಅಂತ ಡಾಕ್ಟ್ರು ಬರೆದುಕೊಟ್ರೆ ಸಾಕು."

ಆಸ್ಪತ್ರೆಯ ಡಾಕ್ಟರು ನಿಂತ ನಿಲುವಿನಲ್ಲೇ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಹಣ ಬಂತು. ಅತ್ತೆ ತಮ್ಮ ಕೂಸನ್ನೇ ಇಲ್ಲವೆಂದದ್ದು ಯಾವ ಲೆಕ್ಕಕ್ಕೂ ಬಂದಿರಲಿಲ್ಲ.

ಹಣ ಬಂದ ಮೇಲೆ ನನಗೆ ಬಾಯಿ ಬಂತು. ಅಟ್ಟದಿಂದ ಇಳಿಸಿದ ಕೊಬ್ಬರಿ ಹಸನು ಮಾಡುತ್ತ ಅತ್ತೆ ಹಿತ್ತಿಲಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ: "ಅತ್ತೆ, ಆ ಕೂಸು ಗಂಡಾ, ಹೆಣ್ಣಾ?"

ಅವರ ಕೈ ನಿಂತಿತು. "ಹೆಣ್ಣು ಕಣವ್ವ. ತಲೆ ತುಂಬ ಕೂದ್ಲಿತ್ತು. ನಿಮ್ ಮಾವ ಎತ್ಕೊಂಡೋದ್ರು. ಎಲ್ಲಿ ಮಣ್ ಮಾಡುದ್ರೋ, ನಂಗೆ ತೋರಿಸ್ನಿಲ್ಲ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಒಳಗೆ ಮಗಳು ಅತ್ತಳು.

"ಹೋಗವ್ವ, ಮೊದ್ಲು ಹಾಲು ಕೊಡು" ಎಂದರು ಅತ್ತೆ.