ಊರ ಗಾಲ್ಫ್ ಮೈದಾನದ ಸಾಹೇಬರು

ಮೊದಲು ನೆನಪಾಗುವುದು ಅವರ ಪಾದಗಳು. ಅಗಲವಾದ, ಹಿಮ್ಮಡಿ ಒಡೆದ, ಬೆರಳುಗಳ ಸಂದಿನಲ್ಲಿ ಹುಲ್ಲಿನ ಹಸಿರು ಕೂತುಬಿಟ್ಟಿದ್ದ ಪಾದಗಳು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಬೂಟುಗಳ ಲೇಸು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಅವರು ಬರಿಗಾಲಲ್ಲಿ ಮೈದಾನ ಸುತ್ತುತ್ತಿದ್ದರು. ಚೆಂಡು ಬೀಳಿಸುವ ಕುಳಿಯ ಸುತ್ತ ಇರುತ್ತದಲ್ಲ, ಚಾಪೆಯಂತೆ ಕತ್ತರಿಸಿದ ಸಣ್ಣ ಹುಲ್ಲು, ಅದಕ್ಕೆ ಗ್ರೀನ್ ಎನ್ನುತ್ತಾರೆ. ಅದರ ಮೇಲೆ ಕಾಲಿಟ್ಟರೆ ಸಾಕು, ನಿನ್ನೆ ನೀರು ಎಷ್ಟು ಬಿದ್ದಿದೆ, ಎಲ್ಲಿ ಬೂಷ್ಟು ಹಿಡಿಯಲಿದೆ ಎಂಬುದು ಅವರಿಗೆ ಗೊತ್ತಾಗುತ್ತಿತ್ತು. ಆಮೇಲೆ ನಮ್ಮೆಲ್ಲರಿಗೂ ಬೈಗುಳ ಶುರು.

ಉಪ್ಪಲ್ ಆಚೆಗಿರುವ ಆ ಗಾಲ್ಫ್ ಮೈದಾನ ಊರಿನದು, ಅಂದರೆ ನಗರಪಾಲಿಕೆಯದು. ಕ್ಲಬ್ಬಿನದಲ್ಲ, ಯಾವ ಶ್ರೀಮಂತರದೂ ಅಲ್ಲ. ಟಿಕೆಟ್ ತೆಗೆಸಿದರೆ ಯಾರಾದರೂ ಆಡಬಹುದಿತ್ತು. ನಿವೃತ್ತ ಬಸ್ ಡ್ರೈವರ್ ಒಬ್ಬರು ಎಲ್ಲಿಂದಲೋ ಹಳೆಯ ಕೋಲುಗಳನ್ನು ತಂದುಕೊಂಡು ವಾರವಿಡೀ ಆಡುತ್ತಿದ್ದರು. ಸುತ್ತಲಿನ ಕೂಲಿಕಾರರ ಬಸ್ತಿಯ ಹೆಂಗಸರು ಬೆಳಿಗ್ಗೆ ಬೇಲಿಯಂಚಿನ ದಾರಿಯಲ್ಲಿ ವಾಕಿಂಗ್ ಮಾಡುತ್ತಿದ್ದರು. ನಾನು ತೋಟಗಾರಿಕೆ ಓದಿಕೊಂಡು ಅಲ್ಲಿಗೆ ಸಹಾಯಕ ಅಧಿಕಾರಿಯಾಗಿ ಸೇರಿದಾಗ ಅವರು ಸೂಪರಿಂಟೆಂಡೆಂಟ್. ಕೂಲಿಯವರಿಂದ ಆಟಗಾರರವರೆಗೆ ಎಲ್ಲರಿಗೂ ಅವರು ‘ಸಾಬ್’. ನಮ್ಮದು ಕಲಬುರಗಿ ಕಡೆಯಿಂದ ಬಂದು ಕಾಚಿಗುಡದಲ್ಲಿ ನೆಲೆನಿಂತ ಮನೆತನ. ಅವರ ಹಿರಿಯರು ಬೀದರಿನವರು. ಮೊದಲ ದಿನ ನನ್ನ ಹೆಸರು ಕೇಳಿದವರೇ ತೆಲುಗು ಬಿಟ್ಟು ಕನ್ನಡಕ್ಕೆ ಬಂದರು.

“ಓದೀದಿ ಅಂತ ತಿಳೀತು. ಬಿಸಲಾಗ ನಿಲ್ಲಾಕ ಬರ್ತದೇನು?”

“ಬರ್ತದ್ರಿ ಸರ್.”

“ನೋಡೂಣು ತಂಗಿ.”

ಅವರು ಸಿಹಿ ಮಾತಿನವರಲ್ಲ. ಮೈದಾನದಲ್ಲಿ ಒಬ್ಬರನ್ನೂ ಹೊಗಳಿದ್ದನ್ನು ನಾನು ಕೇಳಲಿಲ್ಲ. ಒಮ್ಮೆ ಮಳೆ ಬಿದ್ದ ಮರುದಿನ ಭಾರಿ ಪ್ರಭಾವಿ ಮನುಷ್ಯರೊಬ್ಬರು ತಮ್ಮ ಬ್ಯಾಟರಿ ಗಾಡಿಯನ್ನು ನೇರವಾಗಿ ಒದ್ದೆ ಗ್ರೀನ್ ಮೇಲೆ ಓಡಿಸಿದರು. ಸಾಹೇಬರು ಗಾಡಿಗೆ ಅಡ್ಡ ನಿಂತು ಕೀಲಿ ಕಿತ್ತುಕೊಂಡರು. ಆ ಮನುಷ್ಯ ಫೋನ್ ತೆಗೆದು, “ನಾನು ಯಾರು ಗೊತ್ತೇ?” ಎಂದು ಹಿಂದಿಯಲ್ಲಿ ಕೂಗಾಡಿದರು. ಇವರು ಅದೇ ಹಿಂದಿಯಲ್ಲಿ, “ಗೊತ್ತು. ಟಿಕೆಟ್ ತೆಗೆಸಿದವರು. ಟಿಕೆಟ್ಟಿನಲ್ಲಿ ಹುಲ್ಲು ಹರಿಯುವುದು ಸೇರಿಲ್ಲ” ಎಂದರು. ಹಿಂದೆ ನಿಂತಿದ್ದ ಪಂಪಿನ ಯಾದಯ್ಯ ಗಟ್ಟಿಯಾಗಿ ನಕ್ಕ. ಗಾಡಿ ಹೋದ ಮೇಲೆ ನಕ್ಕಿದ್ದಕ್ಕೆ ಅವನಿಗೂ ಬೈಗುಳ ಬಿತ್ತು.

ಸಾಹೇಬರಿಗೆ ಎದುರು ಮಾತಾಡುತ್ತಿದ್ದ ಒಬ್ಬನೇ ಆಳು ಯಾದಯ್ಯ. ಗುತ್ತಿಗೆಯ ಕೆಲಸದವನು, ನಲವತ್ತರ ಆಸುಪಾಸು, ಕುಳ್ಳಗೆ ಗಟ್ಟಿಮುಟ್ಟು. ಇಬ್ಬರಿಗೂ ದಿನ ಬೆಳಗಾದರೆ ಜಗಳ. ನೀರು ಜಾಸ್ತಿ ಬಿಟ್ಟೆ ಎಂದು ಇವರು, ಬಿಸಿಲು ನೀವು ನೋಡಿಲ್ಲವೇ ಎಂದು ಅವನು. ಹನ್ನೊಂದರ ಹೊತ್ತಿಗೆ ಮಾತ್ರ ಇಬ್ಬರೂ ಪಂಪ್‌ಮನೆಯ ಕಟ್ಟೆಯ ಮೇಲೆ ಕೂತು ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಆಗ ಮಾತಿಲ್ಲ.

ಮೈದಾನಕ್ಕೆ ಬರುತ್ತಿದ್ದದ್ದು ಊರಿನ ಕೊಳಚೆಯನ್ನು ಶುದ್ಧಮಾಡಿ ಬಿಟ್ಟ ನೀರು. ಶುದ್ಧ ಎನ್ನುವುದು ಹೆಸರಿಗೆ. ತಗ್ಗಿನಲ್ಲಿ, ನಾಲೆಯ ಪಕ್ಕ, ಆಳವಾದ ಕಾಂಕ್ರೀಟ್ ಸಂಪು. ಅದರಲ್ಲಿ ನೀರು ತುಂಬಿ ಅಲ್ಲಿಂದ ಪಂಪು ಎಳೆದುಕೊಳ್ಳುತ್ತಿತ್ತು. ಬಟ್ಟೆ, ಪ್ಲಾಸ್ಟಿಕ್, ಕೆಸರು ಬಂದು ಪಂಪಿನ ಬಾಯಿ ಕಟ್ಟಿಕೊಳ್ಳುವುದು ಮಾಮೂಲು. ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಸಾಹೇಬರು ದೊಡ್ಡ ಬೀಗ ಜಡಿಸಿದ್ದರು. ಅದರ ಕೀಲಿ ಅವರ ಉಡದಾರದಲ್ಲಿ. ಬಾಯಿ ಕಟ್ಟಿದರೆ ಮೇಲಿನಿಂದಲೇ ಕೊಕ್ಕೆ ಹಾಕಿ ಎಳೆಯಬೇಕು. ಆಗದಿದ್ದರೆ ಹೀರುವ ಯಂತ್ರದ ಗಾಡಿ ಬರುವ ತನಕ ಕಾಯಬೇಕು. ಒಳಗೆ ಕೊಳಚೆಯ ವಿಷಗಾಳಿ ಕಟ್ಟಿಕೊಂಡಿರುತ್ತದೆ, ಯಾರೂ ಇಳಿಯಕೂಡದು.

ಗಾಡಿ ಬೇಗ ಬರುತ್ತಿರಲಿಲ್ಲ. ಕಾದು ಕಾದು ಹುಲ್ಲು ಕಂದುತ್ತಿತ್ತು, ಆಟಗಾರರು ದೂರು ಕೊಡುತ್ತಿದ್ದರು. ಇಷ್ಟು ಹುಲ್ಲಿನ ಹುಚ್ಚಿರುವ ಮನುಷ್ಯ ಸುಮ್ಮನಿರುವುದು ಕಂಡು ನಾನೊಮ್ಮೆ ಕೇಳಿದೆ.

“ಹುಲ್ಲು ಸತ್ತರ ಮತ್ತ ಹಚ್ಚಬಹುದು ತಂಗಿ,” ಎಂದರು. “ನಾ ಹೊಸದಾಗಿ ನೌಕರಿ ಸೇರಿದಾಗ ಒಂದು ಮ್ಯಾನ್‌ಹೋಲಿನ್ಯಾಗಿಂದ ಇಬ್ಬರು ಅಣ್ಣತಮ್ಮರನ್ನ ಹೊರಗ ತಗದದ್ದು ನೋಡೀನಿ. ಒಬ್ಬಂವಾ ಇನ್ನೊಬ್ಬನ ಅಂಗಿ ಹಿಡದಿದ್ದ. ಕೈ ಬಿಡಸಾಕ ಆಗಲಿಲ್ಲ.” ಅಷ್ಟು ಹೇಳಿ ಎದ್ದು ಹೋದರು. ಆ ವಿಷಯ ಮತ್ತೆ ಎತ್ತಲಿಲ್ಲ.

ಅವರ ನಿವೃತ್ತಿಗೆ ಕೆಲವೇ ತಿಂಗಳಿದ್ದ ಬೇಸಿಗೆ ಅದು. ಹೊರಗಿನಿಂದ ಗಣ್ಯರು ಬಂದು ಪಂದ್ಯ ಆಡುವವರಿದ್ದರು. ಪೆಂಡಾಲು, ಬಣ್ಣ, ಬಾವುಟ ಎಂದು ಮೈದಾನದ ತುಂಬ ಗಡಿಬಿಡಿ. ಸರಿಯಾಗಿ ಆಗಲೇ ಪಂಪಿನ ಬಾಯಿ ಕಟ್ಟಿತು. ಕೊಕ್ಕೆಗೆ ಬಗ್ಗಲಿಲ್ಲ. ಎರಡು ಗ್ರೀನ್‌ಗಳು ಹಳದಿಗೆ ತಿರುಗಿದವು. ಸಾಹೇಬರು ಹೀರುವ ಗಾಡಿಗೆ ಹೇಳಿಕಳಿಸಿ, ಟ್ಯಾಂಕರ್ ತರಿಸಿ ಪೈಪಿನಲ್ಲಿ ನೀರು ಹಾಕಿಸುತ್ತಿದ್ದರು. “ಒಂದು ಸಲ ಇಳಿದು ಕಿತ್ತು ಬಿಸಾಕಿ ಬರ್ತೇನೆ ಸಾಬ್, ಎಷ್ಟು ಹೊತ್ತು?” ಎಂದ ಯಾದಯ್ಯ. “ತಲೆಯಲ್ಲಿ ಏನಿದೆ ನಿನಗೆ, ಕೆಸರೇ?” ಎಂದು ಇವರು ಎಲ್ಲರೆದುರು ರೇಗಿದರು. ಅವರಿಬ್ಬರ ನಡುವೆ ನಡೆದ ಕೊನೆಯ ಮಾತು ಅದೇ ಆಯಿತು.

ಮರುದಿನ ಪಂದ್ಯದ ಸಿದ್ಧತೆಯ ಮೀಟಿಂಗಿಗೆಂದು ಮುಖ್ಯ ಕಚೇರಿಯಿಂದ ಕರೆ ಬಂತು. ಸಾಹೇಬರೂ ನಾನೂ ಹೋದೆವು. ಮೀಟಿಂಗ್ ಮುಗಿಯುವ ಮೊದಲೇ ಮೈದಾನದಿಂದ ಫೋನು. ಸಾಹೇಬರು ಕೇಳಿಸಿಕೊಂಡು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು. ದಾರಿಯುದ್ದಕ್ಕೂ ಡ್ರೈವರಿಗೆ ‘ಹೊಡಿ, ಹೊಡಿ’ ಎನ್ನುವುದೊಂದೇ.

ನಾವು ತಲುಪಿದಾಗ ಅಗ್ನಿಶಾಮಕದವರು ಯಾದಯ್ಯನನ್ನು ಮೇಲೆ ತಂದಿದ್ದರು. ಅವನು ಮೊದಲು ಇಳಿದಿದ್ದ. ಕೂಗಿದರೆ ಓಗೊಡಲಿಲ್ಲವೆಂದು ಅವನ ಹಿಂದೆ ಇಳಿದ ಇನ್ನೊಬ್ಬ ಕೂಲಿಯನ್ನು ಹಗ್ಗ ಹಾಕಿ ಜೀವಂತವಾಗಿ ಎಳೆದಿದ್ದರು. ಪಂಪ್‌ಮನೆಯ ಪಕ್ಕದ ಹುಲ್ಲಿನ ಮೇಲೆ ಯಾದಯ್ಯ ಮಲಗಿದ್ದ. ಬೀಗ ಎರಡು ತುಂಡಾಗಿ ಬಿದ್ದಿತ್ತು. ಕಬ್ಬಿಣ ಕತ್ತರಿಸುವ ಗ್ರೈಂಡರಿನಲ್ಲಿ ಕೊಯ್ದ ಗುರುತು ಹೊಳೆಯುತ್ತಿತ್ತು. ಸಾಹೇಬರು ಮಂಡಿಯೂರಿ ಕೂತು ತಮ್ಮ ಕರವಸ್ತ್ರದಿಂದ ಅವನ ಮೂಗು, ಬಾಯಿ, ಕಿವಿಗಳಿಂದ ಕೆಸರು ತೆಗೆದರು. ಮಗುವಿನ ಮುಖ ಒರೆಸಿದ ಹಾಗೆ, ಅವಸರವಿಲ್ಲದೆ. ಆಮೇಲೆ ಗುತ್ತಿಗೆದಾರನ ಮೇಸ್ತ್ರಿಯ ಕಡೆ ತಿರುಗಿದರು.

“ಯಾರು ಹೇಳಿದ್ದು?”

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. “ಬಡೇ ಸಾಬ್ ಕಾ ಫೋನ್ ಆಯಾ, ಸಾಬ್. ಸಂಜೆಯೊಳಗೆ ನೀರು ಬರಲೇಬೇಕು, ಬೀಗ ಒಡೆಯಿರಿ ಅಂದರು.”

ಬಡೇ ಸಾಬ್ ಎಂದರೆ ನಮ್ಮೆಲ್ಲರ ಮೇಲಿನ ಅಧಿಕಾರಿ. ನಾವು ಮೀಟಿಂಗಿನಲ್ಲಿದ್ದಾಗ ಅದೇ ಕಟ್ಟಡದಿಂದ ಆ ಫೋನು ಹೋಗಿತ್ತು. ಆ ಮಾತನ್ನು ಸಾಹೇಬರೂ ಕೇಳಿದರು, ಪಕ್ಕದಲ್ಲಿದ್ದ ನಾನೂ ಕೇಳಿದೆ.

ಪಂಪಿನ ಬಾಯಿಗೆ ಸಿಕ್ಕಿದ್ದನ್ನು ಯಾದಯ್ಯ ಕಿತ್ತು ಹಾಕಿಯೇ ಸತ್ತಿದ್ದ. ಶವ ಹೋದ ಮೇಲೆ ಯಾರೋ ಸ್ವಿಚ್ ಒತ್ತಿದರು. ಮೈದಾನದ ತುಂಬ ಕಾರಂಜಿಗಳು ಎದ್ದವು. ಇಳಿಬಿಸಿಲಿನಲ್ಲಿ ನೀರು ಮಿರಮಿರ ಮಿಂಚುತ್ತ ಸುತ್ತುವುದನ್ನು ಸಾಹೇಬರು ನಿಂತು ನೋಡಿದರು. ಪಂದ್ಯ ಮುಂದಕ್ಕೆ ಹೋಗಲಿಲ್ಲ. ಹೇಳಿದ ದಿನವೇ ಗಣ್ಯರು ಬಂದರು, ಆಡಿದರು, ಹುಲ್ಲು ಚೆನ್ನಾಗಿದೆ ಎಂದು ಹೇಳಿ ಹೋದರು.

ಆ ವಾರದಲ್ಲೇ ಬಡೇ ಸಾಬ್ ಮೈದಾನಕ್ಕೆ ಬಂದು ಬಾಗಿಲು ಹಾಕಿಕೊಂಡು ಮಾತಾಡಿದರು. ನಾನೂ ಒಳಗಿದ್ದೆ. ಯಾದಯ್ಯ ಕುಡಿದಿದ್ದ, ತಾನಾಗಿ ಬೀಗ ಒಡೆದು ಇಳಿದ, ಹೀಗೆಂದು ಹೇಳಿಕೆ ಕೊಟ್ಟರೆ ಎಲ್ಲರಿಗೂ ಒಳ್ಳೆಯದು ಎಂದರು. ನಿಮ್ಮ ನಿವೃತ್ತಿ ಹತ್ತಿರ ಬಂದಿದೆ, ಮನೆಯವರ ಆರೋಗ್ಯವೂ ಸರಿಯಿಲ್ಲ ಎಂದು ಮೆತ್ತಗೆ ನೆನಪಿಸಿದರು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: “ಬೆಳಿಗ್ಗೆ ಹತ್ತಕ್ಕೆ ಕುಡಿದಿದ್ದನೇ?”

“ಕೂಲಿಯವರು ಕುಡಿಯುವುದಕ್ಕೆ ಹೊತ್ತು ಗೊತ್ತಿದೆಯೇ?”

“ಅವನು ಕುಡಿಯುತ್ತಿದ್ದದ್ದು ನನ್ನ ಫ್ಲಾಸ್ಕಿನ ಚಹಾ,” ಎಂದು ಸಾಹೇಬರು ಎದ್ದು ನಿಂತರು.

ಪೊಲೀಸರ ಮುಂದೆ ಅವರು ನಡೆದದ್ದು ನಡೆದ ಹಾಗೆ ಹೇಳಿದರು. ಮುಚ್ಚಳದ ಜವಾಬ್ದಾರಿ ತಮ್ಮದೇ ಎಂಬುದನ್ನೂ ಹೇಳಿದರು. ನನ್ನ ಸರದಿ ಬಂದಾಗ ಠಾಣೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, “ತಂಗಿ, ನನ್ನ ಸಲುವಾಗಿ ಏನೂ ಹೇಳಬ್ಯಾಡ. ನಿನ್ನ ಕಿವಿಯಿಂದ ಏನು ಕೇಳಿದೀ, ಅಷ್ಟ ಹೇಳು. ಅಂಜಿಕಿ ಆದರ ವಾಪಸ್ ಹೋಗು, ನಾ ಸಿಟ್ಟಾಗಂಗಿಲ್ಲ,” ಎಂದರು. ಅಂಜಿಕೆ ಆಗಿತ್ತು. ಆದರೂ ಕೇಳಿದ್ದನ್ನು ಹೇಳಿದೆ. ಅಷ್ಟರಲ್ಲಿ ಮೇಸ್ತ್ರಿ, ಯಾರ ಫೋನೂ ಬಂದಿರಲಿಲ್ಲ ಎಂದುಬಿಟ್ಟಿದ್ದ. ಅವನಿಗೂ ಮನೆ ಮಕ್ಕಳಿದ್ದವು.

ಸಾಹೇಬರು ಸಸ್ಪೆಂಡ್ ಆದರು. ಕೀಲಿ ಇಟ್ಟುಕೊಂಡವರೇ ಹೊಣೆ, ಸ್ಥಳದಲ್ಲಿ ಇರದೆ ನಿರ್ಲಕ್ಷ್ಯ ಮಾಡಿದರು, ಇದು ಆರೋಪ. ಮೀಟಿಂಗಿಗೆ ಕರೆದವರೇ ಸ್ಥಳದಲ್ಲಿ ಯಾಕಿರಲಿಲ್ಲ ಎಂದು ಕೇಳುತ್ತಿದ್ದರು. ನನ್ನನ್ನು ಬೇರೆ ಪಾರ್ಕಿಗೆ ಹಾಕಿದರು.

ಸಸ್ಪೆಂಡ್ ಆದ ಮರುದಿನ ಅವರು ಯಾದಯ್ಯನ ಮನೆಗೆ ಹೊರಟರು. ಒಬ್ಬರೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೋದೆ. ಮೆಟ್ರೊ ಡಿಪೋ ಹಿಂದಿನ ಗಲ್ಲಿಯಲ್ಲಿ ತಗಡಿನ ಮಾಡಿನ ಒಂದು ಕೋಣೆ. ಅವನ ಹೆಂಡತಿ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ಸಾಹೇಬರು ತೆಲುಗಿನಲ್ಲಿ ಎಲ್ಲ ಹೇಳಿದರು. ಅವನು ಕುಡಿದಿರಲಿಲ್ಲ, ತಾನಾಗಿ ಇಳಿಯಲಿಲ್ಲ, ಇಳಿಸಿದರು, ಯಾರು ಕೇಳಿದರೂ ತಾನು ಇದನ್ನೇ ಹೇಳುತ್ತೇನೆ ಎಂದು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

“ಮೀರು ಯಾಡ ಪೋಯಿನ್ರು, ಸಾರೂ?”

ನೀವು ಎಲ್ಲಿ ಹೋಗಿದ್ದಿರಿ. ಗಟ್ಟಿ ದನಿಯಲ್ಲಿ ಕೇಳಲಿಲ್ಲ, ಅತ್ತೂ ಕೇಳಲಿಲ್ಲ. ನಿಜವಾಗಿ ಗೊತ್ತಾಗಬೇಕು ಎನ್ನುವ ಹಾಗೆ ಕೇಳಿದಳು. ಸಾಹೇಬರು ಕೈ ಮುಗಿದು ಹಿಂತಿರುಗಿದರು. ಗಲ್ಲಿಯ ತಿರುವಿನಲ್ಲಿ, “ಖರೇ ಕೇಳಿದಳು ತಂಗಿ,” ಎಂದರು.

ಇಲಾಖೆಯ ವಿಚಾರಣೆ ಎಳೆಯಿತು. ತಾರೀಕು ಕೊಡುವವರು ಬದಲಾದರು, ಬಂದವರು ಮೊದಲಿನಿಂದ ಶುರು ಮಾಡಿದರು. ನಿವೃತ್ತಿಯ ದಿನ ಯಾರೂ ಹಾರ ಹಾಕದೆ ಕಳೆಯಿತು. ಮೈದಾನವನ್ನು ಖಾಸಗಿಯವರ ನಿರ್ವಹಣೆಗೆ ಕೊಟ್ಟರು. ಬಸ್ತಿಯ ಹೆಂಗಸರ ವಾಕಿಂಗ್ ನಿಂತಿತು. ಸಾಹೇಬರು ಪ್ರತಿ ತಾರೀಕಿಗೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಿದ್ದರು. ಕೊನೆಕೊನೆಗೆ ಮೆಟ್ಟಿಲು ಹತ್ತಲು ಉಬ್ಬಸ. ಅದು ಹೃದಯದ್ದು ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಆಸ್ಪತ್ರೆಯಲ್ಲಿ ಅವರನ್ನು ಕಡೆಯ ಸಲ ನೋಡಿದ ದಿನ ನನ್ನ ಪಾರ್ಕಿನ ಒಂದು ಸಂಗತಿ ಹೇಳಿದೆ. ಅಲ್ಲೂ ಅಂಥದೇ ಗುಂಡಿ, ಅಂಥದೇ ಕೊಳಚೆ. ಮೇಲಿನಿಂದ ಫೋನು ಬಂದಿತ್ತು, ಒಬ್ಬನನ್ನು ಇಳಿಸಿ ಮುಗಿಸಿ ಎಂದು. ನಾನು ಹೋಗಿ ಮುಚ್ಚಳದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಆಗುವುದಿಲ್ಲ ಎಂದು ಫೋನಿನಲ್ಲೇ ಹೇಳಿದ್ದೆ.

“ಸಿಟ್ಟಾದರೇನು?”

“ಭಾಳ ಸಿಟ್ಟಾದ್ರು ಸರ್. ಮತ್ತ ಎತ್ತಿ ಎಲ್ಲಿ ಒಗಿತಾರೋ.”

“ಆ ಮನಷಾ?”

“ಯಾರ್ರಿ?”

“ಇಳೀಬೇಕಾಗಿದ್ದಂವಾ. ಮನಿಗೆ ಹೋದನೇನು?”

“ಹೋದಾ ಸರ್. ಸಂಜೀಕ ಸೈಕಲ್ ಹತ್ತಿ ಹೋದಾ.”

ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಹತ್ತಿತೆಂದು ನಾನು ಎದ್ದೆ. “ಛಲೋ ಆತು,” ಎಂದರು. ಅವರ ಬಾಯಿಂದ ಮೆಚ್ಚುಗೆಯ ಮಾತು ಕೇಳಿದ್ದು ಅದೊಂದೇ ಸಲ. ವಾರ ಕಳೆಯುವುದರೊಳಗೆ ತೀರಿಕೊಂಡರು.

ಅವರು ಹೋದ ಮೇಲೆ ಒಂದು ದಿನ ಮುಖ್ಯ ಕಚೇರಿಯಲ್ಲಿ ನನಗೆ ಸುದ್ದಿ ತಿಳಿಯಿತು. ಆರೋಪಿ ಮೃತರಾದ ಕಾರಣ ವಿಚಾರಣೆಯನ್ನು ಮುಕ್ತಾಯಗೊಳಿಸಿದ್ದಾರೆ. ಅದನ್ನು ಹೇಳಲು ಅವರ ಹೆಂಡತಿಯ ಬಳಿ ಹೋದೆ; ಅವರನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಕಾಕು ಮಂಚದ ಮೇಲೆ ಕೂತಿದ್ದರು. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ಜೀವ.

“ಅವರದು ತಪ್ಪಿಲ್ಲಂತ ಹೇಳ್ಯಾರೇನವಾ?”

“ಇಲ್ರಿ ಕಾಕೂ.”

“ತಪ್ಪೈತಿ ಅಂತ?”

“ಅದೂ ಇಲ್ರಿ. ಮುಗೀತು ಅಂತಷ್ಟ.”

ಅಳುತ್ತಾರೆಂದುಕೊಂಡೆ. ಅಳಲಿಲ್ಲ.

“ಹಂಗಾರ ಯಾದಯ್ಯನ ಹೆಂಡತಿಗೆ ಇದನ್ನ ಯಾರು ಹೇಳ್ತಾರ?” ಎಂದು ಕೇಳಿದರು. “ಇವರಿದ್ದಾಗ ಪ್ರತಿ ತಾರೀಕು ಮುಗಿಸಿ ಅಕಿ ಮನಿಗೆ ಹೋಗಿ ಹೇಳಿ ಬರತಿದ್ರು. ಅಕಿ ಒಂದಿನಾನೂ ಕೂಡ್ರಿ ಅನ್ನಲಿಲ್ಲಂತ. ನಿಂತ ಹೇಳಿ ಬರತಿದ್ರು.”

ಇದು ನನಗೆ ಗೊತ್ತಿರಲಿಲ್ಲ. ನನ್ನೊಡನೆ ಒಂದು ಸಲ ಹೋದದ್ದಷ್ಟೇ ಎಂದು ತಿಳಿದಿದ್ದೆ.

“ನಾ ಹೋಗ್ತೀನ್ರಿ,” ಎಂದೆ. ಮರುದಿನ ಬೆಳಿಗ್ಗೆ ಹೋದೆ.