ಸಿಟ್ಟಿಲ್ಲದೆ ಬೈಯುವ ವಿದ್ಯೆ

ನಮ್ಮ ಕಡೆ ಹೆಂಗಸಿಗೆ ಅಡುಗೆ ಬರದಿದ್ದರೂ ನಡೆಯುತ್ತದೆ, ಜಗಳ ಬರದಿದ್ದರೆ ನಡೆಯುವುದಿಲ್ಲ. ನನಗೆ ಜಗಳವೇನೋ ಬರುತ್ತಿತ್ತು, ಮಂಡಿಗಳು ಕೈಕೊಡುತ್ತಿದ್ದವು. ಸಿಟ್ಟು ನೆತ್ತಿಗೇರಿದ ಕೂಡಲೇ ದವಡೆ ಜೋತುಬಿದ್ದು, ಕಾಲು ಕುಸಿದು, ನೆಲ ಹಿಡಿಯುತ್ತಿದ್ದೆ. ಹೊಟ್ಟೆ ತುಂಬ ನಕ್ಕರೂ ಅದೇ ಗತಿ. ಎಚ್ಚರ ಪೂರ್ತಿ ಇರುತ್ತಿತ್ತು, ಒಂದು ಬೆರಳೂ ಆಡುತ್ತಿರಲಿಲ್ಲ. ಒಂದೆರಡು ನಿಮಿಷಕ್ಕೆ ಎಲ್ಲ ಮೊದಲಿನಂತೆ. ರಾಗಿ ಬೀಸುತ್ತ ಕೂತಲ್ಲೇ ನಿದ್ದೆ ಹೋಗುತ್ತಿದ್ದುದು ಬೇರೆ. ಎರಡೂ ಒಂದೇ ಕಾಯಿಲೆಯೆಂದು ಡಾಕ್ಟರೊಬ್ಬರು ಹೇಳಿದ್ದು ನನ್ನ ತಲೆ ನರೆತ ಮೇಲೆ.

ಮಳವಳ್ಳಿಯಿಂದ ಮದ್ದೂರಿನ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಮೇಲೆ ಸಿಟ್ಟು ಬಂದು ಬಿದ್ದೆ. ಮೈಮೇಲೆ ಮಾರಮ್ಮ ಬಂದಳೆಂದು ಅತ್ತೆ ಅರಿಸಿನದ ನೀರು ಚಿಮುಕಿಸಿ, ಕೋಳಿ ಬೇಕೇ ತಾಯಿ ಎಂದು ಕೈಮುಗಿದರು. ಬೇಡ ಎನ್ನಲು ಬಾಯಿ ಏಳಲಿಲ್ಲ. ಕೋಳಿ ಕುಯ್ದರು. ತಾಯಿಯ ಪಾಲಿಗೆ ಬಂದದ್ದು ಕತ್ತಿನ ತುಂಡು.

ಯುದ್ಧದ ಕಾಲ, ಅಕ್ಕಿಗೆ ರೇಷನ್ನು. ಯಜಮಾನರು ಮಂಡ್ಯದಲ್ಲಿ ಕೆಲಸಕ್ಕಿದ್ದರು, ಅರ್ಧ ಎಕರೆ ಗದ್ದೆ ನನ್ನ ತಲೆಗೆ. ನಾಟಿ ಹಾಕಿದ ಪೈರು ಆಗಲೇ ಬಾಡುತ್ತಿತ್ತು. ಮೇಲಿನ ಗದ್ದೆಯವಳು ನಮ್ಮ ಸರದಿಯ ನೀರನ್ನು ಎರಡು ಸಲ ತನ್ನತ್ತ ತಿರುಗಿಸಿಕೊಂಡಿದ್ದಳು. ಕಾಲುವೆ ನೋಡಿಕೊಳ್ಳುವ ನೀರುಗಂಟಿ, ಯಾರ ಗಂಟಲು ದೊಡ್ಡದೋ ಅವರ ಕಡೆ. ಎರಡು ಸಲವೂ ಬೈಯಲು ಹೋಗಿ ಬದುವಿನ ಮೇಲೆ ಮಲಗಿದೆ. ಅವಳು ನನ್ನೊಳಗಿನ ಮಾರಮ್ಮನಿಗೆ ಭಕ್ತಿಯಿಂದ ಕೈಮುಗಿದು ನೀರು ತಿರುಗಿಸಿಕೊಂಡಳು. ಮೂರನೆಯ ಸರದಿಯೂ ತಪ್ಪಿದರೆ ವರ್ಷದ ಅನ್ನ ಹೋದಂತೆ.

ಸಿಟ್ಟಿಲ್ಲದೆ ಬೈಯುವುದನ್ನು ಕಲಿಯಲೇಬೇಕಾಯಿತು. ಎಂಟು ದಿನ ಎಮ್ಮೆಯ ಮುಂದೆ ನಿಂತು, ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ರಾಗದಲ್ಲಿ ಮೇಲಿನ ಗದ್ದೆಯವಳ ಏಳು ತಲೆಮಾರನ್ನು ಉರು ಹೊಡೆದೆ. ಎಮ್ಮೆ ಬೇಸರಪಟ್ಟುಕೊಳ್ಳಲಿಲ್ಲ.

ಸರದಿಯ ದಿನ ನೀರುಗಂಟಿಯ ಎದುರಿಗೇ ಕಾಲುವೆಯ ದಡದಲ್ಲಿ ನಿಂತು ಅವಳಿಗೆ ಎಲ್ಲವನ್ನೂ ತಣ್ಣಗೆ ಒಪ್ಪಿಸಿದೆ. ಕೂಗಾಟವಾಗಿದ್ದರೆ ಅವಳು ತಿರುಗಿ ಕೂಗುತ್ತಿದ್ದಳು. ಈ ತಣ್ಣನೆಯ ಬೈಗುಳಕ್ಕೆ ಬೆಚ್ಚಿ, ಗುದ್ದಲಿ ತೆಗೆದು ತಾನೇ ಅಡ್ಡಲಾಗಿದ್ದ ಮಣ್ಣು ಕಡಿದಳು. ನೀರು ನನ್ನ ಗದ್ದೆಯತ್ತ ಹೊರಳಿತು.

ಸಿಟ್ಟಿಗೆ ತಯಾರಾಗಿದ್ದೆ, ಸಂತೋಷಕ್ಕೆ ಆಗಿರಲಿಲ್ಲ. ಮಂಡಿ ಕಳಚಿದಂತಾಗಿ ಮುಖ ಅಡಿಯಾಗಿ ಕಾಲುವೆಗೆ ಬಿದ್ದೆ. ಮೂಗಿಗೆ ನೀರು ನುಗ್ಗುತ್ತಿದ್ದರೂ ಕತ್ತು ಎತ್ತಲಾಗಲಿಲ್ಲ. ಅಮ್ಮ ಬಂದಿದ್ದಾಳೆ, ಮುಟ್ಟಬಾರದು ಎಂದು ನೀರುಗಂಟಿ ಹೇಳುವುದು ಕೇಳಿಸಿತು. ಇಂಥ ಪೆದ್ದನ ಭಕ್ತಿಗೆ ಸಾಯಬೇಕಲ್ಲ ಎಂದುಕೊಂಡೆ. ಭಯವೂ ಆಯಿತು.

"ನಿಮ್ಮಮ್ಮನ್ನ ಅತ್ತಾಗಿಡು ಕಣ್ಲಾ," ಎಂದು ಮೇಲಿನ ಗದ್ದೆಯವಳು ಅವನನ್ನು ಗದರಿದಳು. ನನ್ನ ತುರುಬು ಹಿಡಿದು ದಡಕ್ಕೆ ಎಳೆದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆನ್ನೆ ತಟ್ಟತೊಡಗಿದಳು.

"ಬಯ್ಯಮ್ಮಿ. ಇನ್ನೊಂದ್ಸಲ ಬಯ್ಯಿ. ಉಸ್ರಿದ್ರೆ ಬಯ್ಯಿ ಕಣಮ್ಮಿ."

ಅವಳು ಅಳುತ್ತಿದ್ದಳು. ಬದುಕಿದ್ದೇನೆಂದು ತಿಳಿಸಲು ಒಂದು ಬೈಗುಳವಾದರೂ ಬರಲಿ ಎಂದು ಒದ್ದಾಡಿದೆ. ನಾಲಿಗೆ ಇನ್ನೇನು ಹೊರಳಬೇಕು, ಅಷ್ಟರಲ್ಲಿ ಅವಳ ಮೇಲೆ ಪ್ರೀತಿ ಉಕ್ಕಿ ದವಡೆ ಮತ್ತೆ ಜೋತುಬಿತ್ತು. ಅವಳು ಅಳುತ್ತಿದ್ದಷ್ಟು ಹೊತ್ತೂ ನನಗೆ ಏಳಲಾಗಲಿಲ್ಲ.